ಮಳೆನಾಡಿನಲ್ಲಿ ಕುಳಿತು ಥಾರ್ ಮರುಭೂಮಿಯನ್ನು ಓದುವ ಬಗೆ

ಕೊಡಗಿನಲ್ಲಿ ಗದ್ದೆಯ ನಾಟಿ ಮುಗಿದ ಮೇಲೂ ಮಳೆ ಬಿಡುವುದಿಲ್ಲ. ಅಲ್ಲಿಂದ ಕೈಲ್ ಪೋಳ್ದ್ ಹಬ್ಬದವರೆಗಿನ ದಿನಗಳು ಪುಸ್ತಕ ಓದುವುದಕ್ಕೆ ಹೇಳಿ ಮಾಡಿಸಿದ ಕಾಲ. ಆ ದಿನಗಳಲ್ಲಿ ನಮಗೆ ತೀರ ಅಪರಿಚಿತವಾದ ಒಂದು ನಾಡನ್ನು, ಅಂದರೆ ಥಾರ್ ಮರುಭೂಮಿಯ ನೆಲ, ಜನಜೀವನ ಮತ್ತು ಊಟವನ್ನು ಪುಸ್ತಕಗಳ ಮೂಲಕ ಕ್ರಮವಾಗಿ ಅರಿಯಬೇಕೆಂದು ಬಯಸುವವರಿಗಾಗಿ ಈ ಬರಹ. ಒಬ್ಬರೇ ಓದುವವರಿಗೂ, ನಾಲ್ಕಾರು ಜನ ಸೇರಿ ಓದುವ ಗುಂಪಿಗೂ ಇದೇ ಕ್ರಮ ಹೊಂದುತ್ತದೆ. ನನ್ನ ಮುಖ್ಯ ಸಲಹೆ ಒಂದೇ: ಯಾವ ಪುಸ್ತಕವನ್ನು ಕೈಗೆತ್ತಿಕೊಂಡರೂ, ಅದನ್ನು ಬರೆದವರು ನೀರಿನ ವಿಚಾರವನ್ನು ಎಷ್ಟು ತಿಳಿದು ಬರೆದಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಅಲ್ಲಿಯ ಅಡುಗೆ, ಹಾಡು, ಮನೆ, ದೇವರ ಬನ ಎಲ್ಲವೂ ನೀರಿನ ಲೆಕ್ಕದಿಂದಲೇ ರೂಪುಗೊಂಡಿವೆ. ಆದ್ದರಿಂದ ನೀರನ್ನು ಬಿಟ್ಟು ಬರೆದ ಪುಸ್ತಕ ಎಷ್ಟೇ ಸುಂದರವಾಗಿದ್ದರೂ ಓದುಗರನ್ನು ಕೋಟೆಯ ಹೆಬ್ಬಾಗಿಲಿನಲ್ಲೇ ನಿಲ್ಲಿಸಿಬಿಡುತ್ತದೆ.

ಪುಸ್ತಕ ತೆರೆಯುವ ಮೊದಲು ಒಂದು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆದುಕೊಳ್ಳಿ. ಪೂರ್ವಕ್ಕೆ ಅರಾವಳಿ ಬೆಟ್ಟಸಾಲು, ಪಶ್ಚಿಮಕ್ಕೆ ಸಿಂಧೂ ನದಿಯ ಬಯಲು, ದಕ್ಷಿಣಕ್ಕೆ ಕಛ್‌ನ ರಣ್ ಎಂಬ ಉಪ್ಪಿನ ಬಯಲು. ಇವುಗಳ ನಡುವೆ ಸುಮಾರು 2 ಲಕ್ಷ ಚದರ ಕಿಲೋಮೀಟರಿನಷ್ಟು ಹರಡಿರುವುದು ಥಾರ್. ಜೋಧ್‌ಪುರ, ಬೀಕಾನೇರ್, ಜೈಸಲ್ಮೇರ್, ಬಾಡ್‌ಮೇರ್‌ಗಳನ್ನು ಗುರುತಿಸಿದ ಮೇಲೆ ಗಡಿಯಾಚೆ ಪಾಕಿಸ್ತಾನದಲ್ಲಿರುವ ಉಮರ್‌ಕೋಟ್ ಮತ್ತು ಮಿಠಿಯನ್ನೂ ಗುರುತಿಸಿ. ಅಜ್ಮೇರ್ ಕಡೆಯ ಅರಾವಳಿಯಲ್ಲಿ ಹುಟ್ಟಿ, ಬಾಲೋತ್ರಾ ದಾಟಿದ ಮೇಲೆ ಉಪ್ಪಾಗಿ, ಕೊನೆಗೆ ಸಮುದ್ರವನ್ನು ಸೇರದೆ ರಣ್‌ನಲ್ಲೇ ಇಂಗಿಹೋಗುವ ಲೂಣಿ ನದಿಯನ್ನು ನೀಲಿ ಗೆರೆಯಲ್ಲಿ ಎಳೆಯಿರಿ. ಬಳಿಕ ಮಳೆಯ ಅಂಕಿಗಳನ್ನು ಬರೆಯಿರಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆಯಾದರೆ ಜೈಸಲ್ಮೇರ್‌ನಲ್ಲಿ ಅದು 200 ಮಿಲಿಮೀಟರಿಗೂ ಕಡಿಮೆ. ಅರಾವಳಿಯ ಅಂಚಿಗೆ ಬಂದಂತೆ 400ರಿಂದ 500ರವರೆಗೆ ಏರುತ್ತದೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಇರುವ ಅಂತರ ನಮ್ಮಲ್ಲಿ ಬೆಳೆಯನ್ನು, ಮನೆಯ ಮಾಡನ್ನು, ಊಟವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಬಲ್ಲ ಕೊಡಗಿನ ಓದುಗರಿಗೆ ಈ ಏರಿಳಿತದ ಮಹತ್ವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇಡೀ ಥಾರ್ ಒಂದೇ ಎಂಬಂತೆ ಬರೆದ ಪುಸ್ತಕವನ್ನು ಈ ನಕ್ಷೆಯೇ ಬಯಲಿಗೆಳೆಯುತ್ತದೆ.

ಮೊದಲ ಓದಿಗೆ ನಾನು ಹೇಳುವುದು ಅನುಪಮ್ ಮಿಶ್ರ ಅವರು 1995ರಲ್ಲಿ ಹೊರತಂದ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ ಎಂಬ ಹಿಂದಿ ಪುಸ್ತಕವನ್ನು. ಇದಕ್ಕೆ ಇಂಗ್ಲಿಷ್ ಅನುವಾದವೂ ಇದೆ. ಹಿಂದಿ ಸರಳವಾಗಿರುವುದರಿಂದ ಶಾಲೆಯಲ್ಲಿ ಕಲಿತ ಹಿಂದಿಯನ್ನು ಪೂರ್ತಿ ಮರೆಯದವರು ಮೂಲವನ್ನೇ ಓದಬಹುದು. ಮರುಭೂಮಿಯ ಜನ ನೀರನ್ನು ಮೂರು ಬಗೆಯಾಗಿ ಕಾಣುತ್ತಾರೆ ಎಂಬುದು ಈ ಪುಸ್ತಕದ ತಿರುಳು: ಮುಗಿಲಿನಿಂದ ನೇರವಾಗಿ ಬೀಳುವ ಪಾಲರ್ ಪಾನೀ, ಬಾವಿಯ ಆಳದಲ್ಲಿ ಸಿಗುವ ಪಾತಾಳ್ ಪಾನೀ, ಇವೆರಡರ ನಡುವೆ ಮರಳಿನಲ್ಲಿ ತೇವವಾಗಿ ಉಳಿಯುವ ರೇಜಾಣೀ ಪಾನೀ. ಆಳದ ನೀರು ಹಲವೆಡೆ ಉಪ್ಪಾಗಿರುವುದರಿಂದ ಮೂರನೆಯ ಬಗೆಯ ನೀರೇ ಎಷ್ಟೋ ಹಳ್ಳಿಗಳನ್ನು ಬದುಕಿಸಿದೆ.

ಈ ತೇವವನ್ನು ಹಿಡಿಯುವ ಕಿರಿದಾದ ಬಾವಿಯನ್ನು ಅಲ್ಲಿ ಕುಂಯೀ ಎನ್ನುತ್ತಾರೆ. ಅದನ್ನು ತೋಡುವ ವಿವರವಿರುವ ಪುಟಗಳನ್ನು ಅವಸರ ಮಾಡದೆ, ಸಾಧ್ಯವಾದರೆ ಗಟ್ಟಿಯಾಗಿ ಓದಬೇಕು. ಮರಳಿನ ಕೆಳಗೆ ಕೆಲವು ಕಡೆ ಜಿಪ್ಸಂನಂಥ ಗಟ್ಟಿ ಪದರವೊಂದು ಹಾಸಿಕೊಂಡಿರುತ್ತದೆ. ಮಳೆಯ ನೀರು ಅದನ್ನು ದಾಟಿ ಕೆಳಗಿನ ಉಪ್ಪುನೀರಿಗೆ ಬೆರೆಯಲಾರದೆ ಮೇಲಿನ ಮರಳಿನಲ್ಲೇ ಉಳಿಯುತ್ತದೆ. ಒಬ್ಬನೇ ಇಳಿದು ಕುಳಿತು ತೋಡುವಷ್ಟು ಮಾತ್ರ ಅಗಲವಿರುವ ಆ ಗುಂಡಿಯಲ್ಲಿ ಹಾರೆ ಬೀಸಲು ಜಾಗವಿಲ್ಲದ ಕಾರಣ ಗಿಡ್ಡ ಹಿಡಿಯ ಸಲಕರಣೆಯೇ ಗತಿ. ಒಳಗಿನ ಸೆಖೆ ತಗ್ಗಲೆಂದು ಮೇಲೆ ನಿಂತವರು ಆಗಾಗ ಹಿಡಿ ಹಿಡಿ ಮರಳನ್ನು ರಭಸದಿಂದ ಕೆಳಕ್ಕೆ ಎಸೆಯುತ್ತಾರೆ. ಅದರೊಂದಿಗೆ ತಾಜಾ ಗಾಳಿ ಇಳಿದು, ಬಿಸಿಗಾಳಿ ಮೇಲೇರುತ್ತದೆ. ಗೋಡೆ ಕುಸಿಯದಂತೆ ಹುಲ್ಲಿನ ಹಗ್ಗವನ್ನು ಸುರುಳಿಯಾಗಿ ಸುತ್ತುತ್ತಾರೆ, ಇಲ್ಲವೇ ಇಟ್ಟಿಗೆ ಕಟ್ಟುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ದಿನಕ್ಕೆ ಎರಡು ಮೂರು ಕೊಡ ಸಿಹಿನೀರು. ಕುಂಯೀ ಒಂದು ಮನೆಯದಾದರೂ ಅದು ಇರುವ ಜಾಗದ ತೇವ ಇಡೀ ಊರಿನದು. ಹಾಗಾಗಿ ಹೊಸದನ್ನು ತೋಡಲು ಊರಿನ ಒಪ್ಪಿಗೆ ಬೇಕು. ತಂತ್ರಜ್ಞಾನ, ದುಡಿಮೆ, ಹಕ್ಕು ಈ ಮೂರನ್ನೂ ಒಂದೇ ಗುಂಡಿಯಲ್ಲಿ ತೋರಿಸುವ ಇಂಥ ಬರವಣಿಗೆಯನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಮುಂದಿನ ಪುಸ್ತಕಗಳ ಗುಣ ತಾನಾಗಿಯೇ ತಿಳಿಯುತ್ತದೆ. ಮಳೆಯ ನೀರನ್ನು ನೆಲದಡಿಯಲ್ಲಿ ಕೂಡಿಡುವ ಟಾಂಕಾ, ಜೈಸಲ್ಮೇರ್ ಕಡೆಯ ಪಾಲಿವಾಲ ಬ್ರಾಹ್ಮಣರು ರೂಢಿಗೆ ತಂದರೆನ್ನಲಾಗುವ, ಹರಿದುಬಂದ ನೀರನ್ನು ಒಡ್ಡು ಕಟ್ಟಿ ನಿಲ್ಲಿಸಿ ಅದೇ ನೆಲದ ತೇವದಲ್ಲಿ ಹಿಂಗಾರು ಬೆಳೆಯುವ ಖಡೀನ್ ಮುಂತಾದವುಗಳನ್ನೂ ಇದೇ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.

ಎರಡನೆಯದಾಗಿ ನೆಲದ ಪುಸ್ತಕ. ಅಂಗಡಿಯಲ್ಲಾಗಲಿ ಗ್ರಂಥಾಲಯದಲ್ಲಾಗಲಿ ಇಂಥ ಪುಸ್ತಕ ಕಂಡರೆ ಚಿತ್ರಗಳನ್ನು ನೋಡುವ ಮೊದಲು ಕೊನೆಯ ಪದಸೂಚಿಯನ್ನು ನೋಡಿ. ಅಲ್ಲಿ ಮರಳದಿಬ್ಬ ಮಾತ್ರ ಇದ್ದು ಕಲ್ಲುಬಯಲು, ಉಪ್ಪಿನ ತಗ್ಗು, ಹುಲ್ಲುಗಾವಲುಗಳ ಸುಳಿವೇ ಇಲ್ಲದಿದ್ದರೆ ಅದು ಪ್ರವಾಸಿಗರ ಕಣ್ಣಿನ ಪುಸ್ತಕ. ಖೇಜ್ರಿ ಮರಕ್ಕೆ ಎಷ್ಟು ಪುಟ ಮೀಸಲಾಗಿದೆ ಎಂಬುದನ್ನೂ ನೋಡಬೇಕು. ಖೇಜ್ರಿಯೆಂದರೆ ವಿಜಯದಶಮಿಯಂದು ನಾವು ಪೂಜಿಸುವ ಬನ್ನಿ ಮರವೇ. ಮೇವು, ಸೌದೆ, ನೆರಳು, ತರಕಾರಿ ಎಲ್ಲವನ್ನೂ ಕೊಡುವ ಆ ಮರವನ್ನು ಉಳಿಸಲು 1730ರಲ್ಲಿ ಜೋಧ್‌ಪುರದ ಸಮೀಪದ ಖೇಜಡ್ಲಿ ಗ್ರಾಮದಲ್ಲಿ ಅಮೃತಾದೇವಿಯವರ ಮುಂದಾಳತ್ವದಲ್ಲಿ ಬಿಷ್ಣೋಯಿ ಪಂಥದ 363 ಮಂದಿ ಪ್ರಾಣ ಕೊಟ್ಟರು. ಇದರ ಜೊತೆಗೆ ಓರಣ್‌ಗಳ ಬಗ್ಗೆ, ಅಂದರೆ ಕೊಂಬೆ ಕಡಿಯದೆ ದೇವರ ಹೆಸರಿನಲ್ಲಿ ಬಿಟ್ಟ ಬನಗಳ ಬಗ್ಗೆ ಬರೆದಿದ್ದರೆ ಆ ಲೇಖಕರನ್ನು ನಂಬಬಹುದು. ಸಾವಿರಕ್ಕೂ ಮಿಕ್ಕಿ ದೇವರಕಾಡುಗಳಿರುವ ಜಿಲ್ಲೆಯವರಾದ ನಮಗೆ ಆ ಅಧ್ಯಾಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಗೊತ್ತೇ ಇವೆ: ಬನ ಯಾರ ಹೆಸರಿನಲ್ಲಿ ದಾಖಲಾಗಿದೆ, ದನ ಮೇಯಿಸಲು ಯಾರಿಗೆ ಅವಕಾಶವಿದೆ, ಒತ್ತುವರಿಯನ್ನು ತಡೆಯುವವರು ಯಾರು?

ಅಡುಗೆಯ ಪುಸ್ತಕಗಳ ಆಯ್ಕೆಯಲ್ಲಿ ಅತ್ಯಂತ ಹೆಚ್ಚಿನ ಎಚ್ಚರಿಕೆ ಬೇಕು. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನವು ಅರಮನೆಯ ಅಡುಗೆಯವು. ಬೇಟೆಯ ಮಾಂಸ, ಕೇಸರಿ, ಬಾದಾಮಿಗಳ ನಡುವೆ ಹಳ್ಳಿಯ ಒಲೆ ಕಾಣಿಸುವುದೇ ಇಲ್ಲ. ಸಜ್ಜೆಯ ರೊಟ್ಟಿ, ಸಜ್ಜೆಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಟ್ಟು ಕಾಯಿಸುವ ರಾಬಡಿ, ಕಡಲೆಹಿಟ್ಟಿನ ಗಟ್ಟೆ, ಹೆಸರುಬೇಳೆಯನ್ನು ರುಬ್ಬಿ ಬಿಸಿಲಿಗೆ ಒಣಗಿಸಿದ ಮಂಗೋಡಿ, ಹಪ್ಪಳದ ಪಲ್ಯ ಇವು ಇವೆಯೇ ಎಂದು ಪರಿವಿಡಿಯಲ್ಲಿ ಹುಡುಕಿ. ಹಸಿ ತರಕಾರಿ ವಿರಳವಾದ ನಾಡಿನಲ್ಲಿ ಬೇಳೆ ಮತ್ತು ಹಿಟ್ಟೇ ತರಕಾರಿಯ ಸ್ಥಾನವನ್ನು ತುಂಬುತ್ತವೆ. ನೀರಿಗಿಂತ ಹಾಲು ಮಜ್ಜಿಗೆ ಸುಲಭವಾಗಿ ಸಿಗುವ ದನಗಾಹಿಗಳ ಮನೆಯಲ್ಲಿ ಸಾರು ಮಾಡಲು ಅವೇ ಆಧಾರವಾಗುತ್ತವೆ. ಈ ಕಾರಣಗಳನ್ನು ಹೇಳದೆ ಅಳತೆಯನ್ನಷ್ಟೇ ಕೊಡುವ ಪುಸ್ತಕ ಅಡುಗೆಮನೆಗೆ ಆದೀತೇ ಹೊರತು ನಮ್ಮ ಉದ್ದೇಶಕ್ಕೆ ಸಾಲದು.

ಓದಿದ ಮೇಲೆ ಒಂದನ್ನಾದರೂ ಮಾಡಿ ನೋಡಬೇಕು. ಕೇರ್ ಸಾಂಗರಿ ಅದಕ್ಕೆ ತಕ್ಕದ್ದು. ಸಾಂಗರಿಯೆಂದರೆ ಬನ್ನಿ ಮರದ ಎಳೆಯ ಕಾಯಿ; ಕೇರ್ ಎಂಬುದು ಎಲೆಯಿಲ್ಲದ ಮುಳ್ಳುಪೊದೆಯೊಂದರ ಹಣ್ಣು. ಇವೆರಡೂ ಒಣಗಿದ ರೂಪದಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ಕಹಿ ಬಿಡುವವರೆಗೆ ಕೇರ್ ಅನ್ನು ಮಜ್ಜಿಗೆಯಲ್ಲಿ ಅಥವಾ ಉಪ್ಪುನೀರಿನಲ್ಲಿ ನೆನೆಸಿಟ್ಟು, ಸಾಂಗರಿಯನ್ನು ಬೇರೆಯಾಗಿ ನೆನೆಸಿ ಬೇಯಿಸಿ, ಎರಡನ್ನೂ ಧಾರಾಳ ಎಣ್ಣೆಯಲ್ಲಿ ಒಣಮೆಣಸು, ಆಮ್‌ಚೂರ್ ಹಾಕಿ ಬಾಡಿಸಬೇಕು. ನೀರಿಲ್ಲದೆ ಎಣ್ಣೆಯಲ್ಲಿ ಬಾಡಿಸಿದ್ದರಿಂದ ಅದು ಪ್ರಯಾಣದಲ್ಲಿ ಕೆಲವು ದಿನ ಕೆಡದೆ ಉಳಿಯುತ್ತದೆ. ಒಲೆ ಹಚ್ಚದ ಶೀತಲಾಷ್ಟಮಿಯಂದು ತಣ್ಣಗೆ ಉಣ್ಣುವ ಊಟಕ್ಕೂ ಅದು ಒದಗುತ್ತದೆ. ಅಲ್ಲಿ ವರ್ಷಗಟ್ಟಲೆ ಇರುವ ಒಣ ಸಾಂಗರಿ ನಮ್ಮ ಮಳೆಗಾಲದ ಗಾಳಿಗೆ ಬೇಗನೆ ಬೂಸ್ಟು ಹಿಡಿಯುತ್ತದೆ. ತಂದ ದಿನವೇ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಸಜ್ಜೆಯನ್ನು ಕೂಡ ಬೇಕಾದಷ್ಟೇ ಬೀಸಿಸಿಕೊಳ್ಳಿ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಅದರ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಆ ಹಿಟ್ಟಿಗೆ ಜಿಗಿಯಿಲ್ಲ. ಬಿಸಿನೀರಿನಲ್ಲಿ ಕಲಸಿ ಕೈಯಲ್ಲೇ ತಟ್ಟಬೇಕು. ನಮ್ಮ ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ ಮಾಡಿ ಪಳಗಿದ ಕೈಗೆ ಅದೇನೂ ಕಷ್ಟವಲ್ಲ.

ಊಟದಿಂದ ಹಾಡಿಗೆ ದಾಟಲು ಜಾನಪದ ವಿದ್ವಾಂಸ ಕೋಮಲ್ ಕೊಠಾರಿಯವರೊಂದಿಗಿನ ಮಾತುಕತೆಗಳನ್ನು ಆಧರಿಸಿ ರುಸ್ತುಂ ಭರೂಚಾ ಅವರು 2003ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಜಸ್ಥಾನದ ಮೌಖಿಕ ಇತಿಹಾಸ ಒಳ್ಳೆಯ ಸೇತುವೆ. ಕೊಠಾರಿಯವರು ರಾಜ್ಯವನ್ನು ಜಿಲ್ಲೆಗಳಾಗಿ ನೋಡದೆ ಸಜ್ಜೆ, ಜೋಳ, ಮೆಕ್ಕೆಜೋಳ ಉಣ್ಣುವ ಸೀಮೆಗಳಾಗಿ ವಿಂಗಡಿಸಿ ನೋಡಿದವರು. ಅವರೂ ಕಥೆಗಾರ ವಿಜಯದಾನ್ ದೇಥಾ ಅವರೂ ಸೇರಿ 1960ರಲ್ಲಿ ಬೋರುಂದಾ ಹಳ್ಳಿಯಲ್ಲಿ ರೂಪಾಯನ್ ಸಂಸ್ಥಾನ ಎಂಬ ಜಾನಪದ ಸಂಸ್ಥೆಯನ್ನು ಕಟ್ಟಿದರು. ಊರವರ ಬಾಯಿಂದ ಕೇಳಿದ ಕಥೆಗಳನ್ನು ದೇಥಾ ತಮ್ಮದೇ ಶೈಲಿಯಲ್ಲಿ ಮತ್ತೆ ಬರೆದ ‘ಬಾತಾಂ ರೀ ಫುಲವಾಡೀ’ 14 ಸಂಪುಟಗಳಷ್ಟಿದೆ. ಅದಕ್ಕಾಗಿ 1974ರಲ್ಲಿ ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಯ್ದ ಕಥೆಗಳು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ. ಅವುಗಳಲ್ಲಿ ಐದಾರನ್ನು ಓದಿದರೆ ಸಾಕು, ಅಲ್ಲಿಯ ಸಾಹುಕಾರ, ದನಗಾಹಿ, ಸೊಸೆ, ದೆವ್ವ ಎಲ್ಲರೂ ಮನೆಯವರಂತೆ ಪರಿಚಯವಾಗುತ್ತಾರೆ.

ಹಾಡಿನ ಪುಸ್ತಕ ಓದುವಾಗ ಪಕ್ಕದಲ್ಲಿ ನಮ್ಮದೇ ‘ಪಟ್ಟೋಲೆ ಪಳಮೆ’ಯನ್ನು ಇಟ್ಟುಕೊಳ್ಳಬೇಕೆಂಬುದು ನನ್ನ ಆಗ್ರಹ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಆ ಕೊಡವ ಜನಪದ ಹಾಡುಗಳ ಸಂಗ್ರಹವನ್ನು ಬಲ್ಲವರು, ಹಾಡೊಂದನ್ನು ಕಂಡೊಡನೆ ಅದನ್ನು ಯಾರು ಹಾಡುತ್ತಾರೆ, ಯಾವ ಸಂದರ್ಭದಲ್ಲಿ, ಯಾವ ವಾದ್ಯದೊಂದಿಗೆ ಎಂದು ಕೇಳುವುದನ್ನು ರೂಢಿಸಿಕೊಂಡಿರುತ್ತಾರೆ. ಥಾರ್ ಸೀಮೆಯ ಜನಪದ ವೀರ ಪಾಬೂಜಿಯ ಮಹಾಕಾವ್ಯಕ್ಕೆ ಅದೇ ಪ್ರಶ್ನೆಗಳನ್ನು ಹಾಕಿ. ಜೋಧ್‌ಪುರದ ಸುತ್ತಲಿನ ಮಾರ್ವಾಡ ಸೀಮೆಗೆ ಒಂಟೆಗಳನ್ನು ತಂದವನೆಂದು ಒಂಟೆಗಾಹಿಗಳಾದ ರಾಯ್ಕಾ ಜನ ನಂಬುವ ಆ ವೀರನ ಕಥೆಯನ್ನು ಭೋಪಾ ಎಂಬ ಗಾಯಕ, ಉದ್ದನೆಯ ಚಿತ್ರಪಟವನ್ನು ಬಿಡಿಸಿ ನಿಲ್ಲಿಸಿ, ರಾವಣಹತ್ಥಾ ಎಂಬ ತಂತಿವಾದ್ಯ ನುಡಿಸುತ್ತ ರಾತ್ರಿಯಿಡೀ ಹಾಡುತ್ತಾನೆ. ಅವನ ಹೆಂಡತಿ ಹಾಡಿನ ಘಟ್ಟಕ್ಕೆ ತಕ್ಕ ಚಿತ್ರದ ಮೇಲೆ ದೀಪ ಹಿಡಿಯುತ್ತಾಳೆ. ಜಾನ್ ಡಿ. ಸ್ಮಿತ್ ಅವರು 1991ರಲ್ಲಿ ಪ್ರಕಟಿಸಿದ ಅಧ್ಯಯನ ಮತ್ತು ಅನುವಾದ ಇದಕ್ಕೆ ವಿದ್ವತ್ತಿನ ಆಕರ. ಇಲ್ಲಿ ಓದಿನಷ್ಟೇ ಕೇಳುವಿಕೆಯೂ ಮುಖ್ಯ: ಹಾಡುವುದನ್ನೇ ಕುಲಕಸುಬಾಗಿಸಿಕೊಂಡ ಮಂಗಣಿಯಾರರ ಕಮಾಯ್ಚಾ ಎಂಬ ತಂತಿವಾದ್ಯದ ದನಿಯನ್ನು ಕೇಳದೆ ಹಾಡಿನ ಓದನ್ನು ಮುಗಿಸಬೇಡಿ.

ಬ್ರಿಟಿಷರ ಕಾಲದ ಹಳೆಯ ಗ್ರಂಥಗಳು ಅಂತರ್ಜಾಲದ ಸಂಗ್ರಹಗಳಲ್ಲಿ ಉಚಿತವಾಗಿ ಸಿಗುತ್ತವೆ. ಜೇಮ್ಸ್ ಟಾಡ್ ಬರೆದ, 1829 ಮತ್ತು 1832ರಲ್ಲಿ ಎರಡು ಸಂಪುಟಗಳಾಗಿ ಬಂದ ರಾಜಸ್ಥಾನದ ಇತಿಹಾಸ ಅವುಗಳಲ್ಲಿ ಹೆಸರಾದದ್ದು. ಅದನ್ನು ಕೊನೆಗೆ ಓದುವುದು ಲೇಸು. ಮರುಭೂಮಿಯ ಒಡಲಿನಲ್ಲಿ ಜೋಧ್‌ಪುರದ ಬಳಿಯ ಮಂಡೋರ್‌ಗಿಂತ ಆಚೆಗೆ ತಾನು ಸ್ವತಃ ಹೋಗಿಲ್ಲವೆಂದು ಟಾಡ್‌ನೇ ಹೇಳಿದ್ದಾನೆ. ಆತನ ಕಣ್ಣಿಗೆ ಬಿದ್ದದ್ದು ರಜಪೂತ ದೊರೆಗಳ ವಂಶಾವಳಿ ಮತ್ತು ಶೌರ್ಯ. 1870ರಲ್ಲಿ ಜಿ. ರಿಕ್ಟರ್ ಬರೆದ ಕೊಡಗಿನ ಕೈಪಿಡಿಯನ್ನು ನಾವು ಹೇಗೆ ಓದುತ್ತೇವೆಯೋ, ಅಂದರೆ ವಿವರಗಳನ್ನು ಕೃತಜ್ಞತೆಯಿಂದ ತೆಗೆದುಕೊಂಡು ತೀರ್ಮಾನಗಳನ್ನು ಪರೀಕ್ಷಿಸುತ್ತ ಓದುತ್ತೇವೆಯೋ, ಹಾಗೆಯೇ ಟಾಡ್‌ನನ್ನೂ ಓದಬೇಕು.

ಯಾವ ಪುಸ್ತಕವಾದರೂ ಅಚ್ಚಾದ ವರ್ಷವನ್ನು ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. 1958ರಲ್ಲಿ ಕೆಲಸ ಆರಂಭವಾದ, ಇಂದು ಇಂದಿರಾ ಗಾಂಧಿ ಕಾಲುವೆಯೆಂದು ಹೆಸರಾದ ನಾಲೆಯು ಪಂಜಾಬಿನ ಹರೀಕೆಯಿಂದ ನೀರನ್ನು ತಂದ ಮೇಲೆ ಬೀಕಾನೇರ್, ಜೈಸಲ್ಮೇರ್ ಸೀಮೆಗಳ ಬೆಳೆ ಮತ್ತು ಒಡೆತನ ಎರಡೂ ಬದಲಾದವು. ಕೆಲವೆಡೆ ನೀರು ನಿಂತು ಭೂಮಿ ಜೌಗಾಯಿತು. ಈಚಿನ ವರ್ಷಗಳಲ್ಲಿ ಭಡ್ಲಾದಂಥ ಬೃಹತ್ ಸೌರ ಘಟಕಗಳು ಬಂದು, ಅವುಗಳ ವಿದ್ಯುತ್ ತಂತಿಗಳು ಎರ್ಲಡ್ಡು ಹಕ್ಕಿಗೆ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗೆ ಮಾರಕವಾಗಿವೆ. ಆ ವಿಚಾರವಾಗಿ ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶ ಕೊಟ್ಟು, 2024ರಲ್ಲಿ ಅದನ್ನು ಮಾರ್ಪಡಿಸಿತು. ಇವನ್ನು ಹಳೆಯ ಪುಸ್ತಕಗಳಲ್ಲಿ ನಿರೀಕ್ಷಿಸುವಂತಿಲ್ಲವಾದ್ದರಿಂದ ಪತ್ರಿಕೆಗಳ ಲೇಖನಗಳನ್ನು ಕತ್ತರಿಸಿ ಆಯಾ ಅಧ್ಯಾಯದೊಳಗೆ ಇಟ್ಟುಕೊಳ್ಳಬೇಕು.

ಗಡಿಯಾಚೆಯ ಥಾರ್ ಬಗ್ಗೆ ನಮ್ಮಲ್ಲಿ ಸಿಗುವ ಪುಸ್ತಕಗಳು ಕಡಿಮೆ. ಆದರೂ ಹುಡುಕುವುದನ್ನು ಬಿಡಬಾರದು, ಏಕೆಂದರೆ ಸೋಢಾ ರಜಪೂತರ ನೆಂಟಸ್ತನವೂ ಮಂಗಣಿಯಾರರ ಹಾಡೂ ಎರಡೂ ಕಡೆ ಹರಡಿವೆ. ಗಡಿಯ ಈಚೆಗಿನ ಮುನಾಬಾವ್ ಮತ್ತು ಆಚೆಗಿನ ಖೋಖ್ರಾಪಾರ್ ನಡುವಿನ ರೈಲು 1965ರ ಯುದ್ಧದೊಂದಿಗೆ ನಿಂತು, 2006ರಲ್ಲಿ ಮತ್ತೆ ಓಡಿ, 2019ರಲ್ಲಿ ಪುನಃ ನಿಂತಿದೆ. ಎರಡೂ ಕಡೆಯ ಹಳ್ಳಿಗಳನ್ನು ಕಣ್ಣಾರೆ ಕಂಡು ಬರೆದ ಪ್ರವಾಸ ಕಥನ ಬೇಕೆನ್ನುವವರು ಆ ಹದಿಮೂರು ವರ್ಷಗಳಲ್ಲಿ ಓಡಾಡಿದವರ ಬರಹಗಳಿಂದ ಹುಡುಕಾಟವನ್ನು ಆರಂಭಿಸುವುದು ಒಳ್ಳೆಯದು.