‘ವಿಕಿರಣ’ವೋ ‘ವಿಕಿರಣಶೀಲ’ವೋ? ಗುರುತಿಸುವುದು ಹೀಗೆ

ಎಕ್ಸ್-ರೇ ತೆಗೆಸಿಕೊಂಡು ಬಂದವರ ಕೈಗೆ ಮಗುವನ್ನು ಕೊಡಲು ಹೆದರುವವರು ಈಗಲೂ ಇದ್ದಾರೆ. ಎರಡು ಪದಗಳನ್ನು ಒಂದೇ ಎಂದು ತಿಳಿದದ್ದರಿಂದ ಹುಟ್ಟಿದ ಭಯವಿದು. ಸುದ್ದಿಯಲ್ಲಿ ಇವು ಕಂಡಾಗ ಹೀಗೆ ಓದಿ.

ಮೊದಲು ‘ವಿಕಿರಣ’ವನ್ನು ಬಿಡಿಸಿಕೊಳ್ಳಿ. ಸಂಸ್ಕೃತದ ‘ಕೄ’ ಧಾತುವಿಗೆ ಚೆಲ್ಲು, ಎರಚು ಎಂಬ ಅರ್ಥ. ಕಿರಣ ಹುಟ್ಟಿದ್ದೂ ಅದರಿಂದಲೇ. ರೇಡಿಯೇಷನ್‌ನ ಮೂಲವಾದ ಲ್ಯಾಟಿನ್‌ನ ‘ರೇಡಿಯಸ್’ ಎಂದರೆ ಗಾಲಿಯ ಕಡ್ಡಿ, ಬೆಳಕಿನ ಕಿರಣ. ಈ ಅರ್ಥದಲ್ಲಿ ಬಿಸಿಲೂ ವಿಕಿರಣವೇ, ಮೊಬೈಲ್ ತರಂಗವೂ ವಿಕಿರಣವೇ.

ಆಮೇಲೆ ‘ಶೀಲ’ವನ್ನು ಗಮನಿಸಿ. ಇದರ ಹಿಂದೆ ಸೊಗಸಾದ ಕಥೆಯಿದೆ. 1896ರಲ್ಲಿ ಪ್ಯಾರಿಸ್‌ನಲ್ಲಿ ಪ್ರಯೋಗಕ್ಕೆ ಬೇಕಾದ ಬಿಸಿಲು ಬಾರದ ಕಾರಣ ಭೌತವಿಜ್ಞಾನಿ ಹೆನ್ರಿ ಬೆಕೆರೆಲ್ ಯುರೇನಿಯಂ ಲವಣವನ್ನೂ ಕಪ್ಪು ಕಾಗದ ಸುತ್ತಿದ ಛಾಯಾಚಿತ್ರ ಫಲಕವನ್ನೂ ಮೇಜಿನ ಖಾನೆಯಲ್ಲಿಟ್ಟರು. ಫಲಕವನ್ನು ಸಂಸ್ಕರಿಸಿ ನೋಡಿದರೆ, ಕತ್ತಲಲ್ಲೇ ಅಚ್ಚು ಮೂಡಿತ್ತು! ಆ ಕಿರಣಗಳಿಗೆ ಯುರೇನಿಯಂನ ಹೆಸರೇ ಅಂಟಿತು. ಆದರೆ 1898ರಲ್ಲಿ ಥೋರಿಯಂ ಕೂಡ ಕಿರಣ ಸೂಸುವುದನ್ನು ಮೇರಿ ಕ್ಯೂರಿ ಕಂಡರು. ಯುರೇನಿಯಂನ ಅದಿರಾದ ಪಿಚ್‌ಬ್ಲೆಂಡ್ ಕಿರಣ ಸೂಸುವುದರಲ್ಲಿ ಯುರೇನಿಯಂಗಿಂತಲೂ ಪ್ರಬಲವಾಗಿತ್ತು. ಹಳೆಯ ಹೆಸರು ಸಾಲದಾಯಿತು. ಅದೇ ವರ್ಷದ ಜುಲೈನಲ್ಲಿ ಪೊಲೋನಿಯಂ ಎಂಬ ಹೊಸ ಧಾತುವನ್ನು ಪ್ರಕಟಿಸಿದ ಕ್ಯೂರಿ ದಂಪತಿಯ ಪ್ರಬಂಧದ ಶೀರ್ಷಿಕೆಯಲ್ಲೇ ‘ರೇಡಿಯೋ-ಆಕ್ಟಿವ್’ ಕಾಣಿಸಿಕೊಂಡಿತು. ಹೆಸರು ಕಿರಣಕ್ಕಲ್ಲ, ಅದನ್ನು ಸೂಸುವ ವಸ್ತುವಿಗೆ ಸಂದಿತು. ಕನ್ನಡದಲ್ಲಿ ಅದೇ ‘ವಿಕಿರಣಶೀಲ’; ‘ವಿಕಿರಣಪಟು’ ಎಂದೂ ಬರೆಯುವುದುಂಟು. ನನಗೆ ‘ಶೀಲ’ವೇ ಹಿಡಿಸುತ್ತದೆ: ಯಾರ ಪ್ರಚೋದನೆಯೂ ಇಲ್ಲದೆ ತಾನಾಗಿ ಸೂಸುವುದು ಆ ವಸ್ತುವಿನ ಸ್ವಭಾವ.

ಈಗ ಕೇಳಬೇಕಾದ ಪ್ರಶ್ನೆ: ಸೂಸುವ ವಸ್ತು ಎಲ್ಲಿದೆ? ಎಕ್ಸ್-ರೇ ಯಂತ್ರ ನಿಂತೊಡನೆ ಕಿರಣವೂ ನಿಲ್ಲುತ್ತದೆ. ರೋಗಿಯಿಂದ ಏನೂ ಸೂಸುವುದಿಲ್ಲ. ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ ರಫ್ತಿನ ಮಾವಿಗೆ ಗಾಮಾ ಕಿರಣ ಹಾಯಿಸುವಾಗಲೂ ಆ ಕಿರಣ ಸೂಸುವ ಕೋಬಾಲ್ಟ್ ಹಣ್ಣನ್ನು ಸೋಕುವುದಿಲ್ಲ. ಥೈರಾಯ್ಡ್ ಚಿಕಿತ್ಸೆಗೆ ಅಯೋಡಿನ್-131 ಸೇವಿಸಿದವರ ಸಂಗತಿ ಬೇರೆ. ಅಲ್ಲಿ ವಸ್ತುವೇ ಮೈಯೊಳಗಿದೆ, ಅದು ತಾನಾಗಿ ಕ್ಷಯಿಸಿ ಅರ್ಧಕ್ಕಿಳಿಯಲು ಸುಮಾರು 8 ದಿನ ಬೇಕು. ಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಿ ಎಂದು ವೈದ್ಯರು ಹೇಳಿದಷ್ಟು ದಿನ ದೂರವಿರಲೇಬೇಕು.

ಕೊನೆಗೆ ಅಳತೆಯ ಮಾನ ನೋಡಿ. ಸೆಕೆಂಡಿಗೆ ಒಂದು ಪರಮಾಣು ಬೀಜ ಕ್ಷಯಿಸಿದರೆ ಒಂದು ಬೆಕೆರೆಲ್. ಇದು ವಸ್ತುವಿನ ಲೆಕ್ಕ. ಸೀವರ್ಟ್ ಮೈಗೆ ತಗುಲಿದ್ದರ ಲೆಕ್ಕ. ಎದೆಯ ಎಕ್ಸ್-ರೇಯಿಂದ ಸುಮಾರು 0.1 ಮಿಲಿಸೀವರ್ಟ್ ತಗುಲಿದರೆ, ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ತಗುಲುತ್ತದೆ. ನೀರಿನಲ್ಲೋ ಮೀನಿನಲ್ಲೋ ಇಷ್ಟು ಬೆಕೆರೆಲ್ ಎಂದು ವರದಿಯಲ್ಲಿದ್ದರೆ, ವಿಕಿರಣಶೀಲ ವಸ್ತುವೇ ಅದರಲ್ಲಿ ಬೆರೆತಿದೆ ಎಂದು ಓದಿಕೊಳ್ಳಿ.