ಮೇನ್ ಸ್ವಿಚ್ ಆರಿಸಿದ ಮೇಲೆ ಕಲಿತದ್ದು

ಮೂರು ವರ್ಷ ಎಲ್ಲರೂ ನನ್ನನ್ನು ನೋಡಿ ನಕ್ಕರು. ಕರೆಂಟು, ನೀರು ನಿಂತುಹೋದರೆ ಮೂರು ದಿನ ತಳ್ಳಲು ಅಂತ ಮನೆಯಲ್ಲಿ ತುರ್ತು ಕಿಟ್ ಕಟ್ಟಿಟ್ಟಿದ್ದೆ: ಮಂಚದ ಕೆಳಗೆ ಬ್ಯಾಗು, ಬಾಗಿಲ ಹಿಂದೆ ಬಕೆಟ್ಟು, ಹಾಲ್‌ನ ಮೂಲೆಯಲ್ಲಿ ನೀರಿನ ಕ್ಯಾನು. ಭಾವ ಬಂದಾಗಲೆಲ್ಲ "ಏನಪ್ಪಾ, ಪ್ರಳಯ ಯಾವತ್ತು?" ಅಂತ ಕೇಳುತ್ತಿದ್ದರು. ಹೋದ ವರ್ಷ ಬಿರುಗಾಳಿ ಬಂದು ಕರೆಂಟು, ನೀರು ಎರಡೂ ಹೋದವು. ಸುಮಾರು 80 ಗಂಟೆ ಬರಲಿಲ್ಲ. ನಾವು ನಾಲ್ಕೂ ಜನ ಆರಾಮಾಗಿ ಕಳೆದೆವು. ಈಗ ಯಾರೂ ನಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಿಟ್‌ನಲ್ಲಿ ಏನೇನಿರಬೇಕು ಅನ್ನೋ ಪಟ್ಟಿ ಇಲ್ಲಿ ಕೊಡಲ್ಲ. ನಾನು ದುಡ್ಡು ಕಳೆದುಕೊಂಡ ಕಥೆ ಹೇಳುತ್ತೇನೆ.

ಮೊದಲ ವರ್ಷ ಹೆಚ್ಚುಕಮ್ಮಿ ಒಂದೂವರೆ ತಿಂಗಳ ಸಂಬಳ ಸುರಿದೆ. ಮುಕ್ಕಾಲು ಪಾಲು ದಂಡ. 14 ಉಪಕರಣ ಇರುವ ಚಾಕು, ಮಡಚುವ ಸಲಿಕೆ, ಕಿಡಿ ಹಾರಿಸುವ ಕಡ್ಡಿ, ಸೈನಿಕರ ಥರದ ಬ್ಯಾಗು. ಎಲ್ಲ ತುಂಬಿ ಬೆನ್ನಿಗೇರಿಸಿದರೆ 19 ಕಿಲೋ. ಮೂರನೇ ಮಹಡಿಯಿಂದ ಇಳಿಯುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ತೆಗೆದೆ. ಈಗ 8 ಕಿಲೋ ಚಿಲ್ಲರೆ ಇದೆ. ಸಲಿಕೆ ಮಾರಿದೆ, ಕಾಲು ಭಾಗ ದುಡ್ಡೂ ಬರಲಿಲ್ಲ.

ತಪ್ಪು ಎಲ್ಲಿದೆ ಅಂತ ಗೊತ್ತಾಗಿದ್ದು ತಾಲೀಮು ಶುರು ಮಾಡಿದ ಮೇಲೆ. ಒಂದು ಶನಿವಾರ ಬೆಳಿಗ್ಗೆ, ಯಾರಿಗೂ ಹೇಳದೆ, ಮೇನ್ ಸ್ವಿಚ್ ಆರಿಸಿ ನೀರಿನ ವಾಲ್ವ್ ಮುಚ್ಚಿಬಿಟ್ಟೆ. ಹೇಳದೆ ಮಾಡಿದ್ದು ತಪ್ಪಾಯಿತು, ಮಗಳು ಎರಡು ದಿನ ಮಾತಾಡಲಿಲ್ಲ. ಐದು ಗಂಟೆ ಕಳೆಯುವಷ್ಟರಲ್ಲಿ ಅಮ್ಮನೇ ಎದ್ದು ಹೋಗಿ ಸ್ವಿಚ್ ಹಾಕಿದರು. ಆದರೆ ಆ ಐದು ಗಂಟೆಯಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ತಪ್ಪು ಬಿದ್ದಿದ್ದವು.

ಒಂದನ್ನು ಮಾತ್ರ ಪೂರ್ತಿ ಹೇಳುತ್ತೇನೆ. ಸ್ಟೋರ್ ರೂಮಿನ ಕತ್ತಲಲ್ಲಿ ಟಾರ್ಚ್ ಒತ್ತಿದೆ, ಹತ್ತಲಿಲ್ಲ. ಮುಚ್ಚಳ ತಿರುಗಿಸಿದರೆ ಒಳಗೆ ಸೆಲ್ ಸೋರಿ ಬಿಳಿ ಪುಡಿ ಕಟ್ಟಿತ್ತು. ಸರಿ, ತಡಕಾಡಿ ಡಬ್ಬಿ ಊಟ ತೆಗೆದೆ. ಡಬ್ಬಿ ಕೊಯ್ಯುವ ಓಪನರ್ ಇಲ್ಲ! ಆ 14 ಉಪಕರಣದ ಚಾಕುವಿನಲ್ಲಿ ಒಂದಿತ್ತಲ್ಲ, ಅದನ್ನು ಹಚ್ಚಿದೆ. ಜಾರಿ ಹೆಬ್ಬೆರಳು ಕೊಯ್ದಿತು. ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೆಗೆದರೆ ಮುಲಾಮಿನ ಅವಧಿ ಮುಗಿದು ಎರಡು ವರ್ಷ. ಈಗ ಸೆಲ್‌ಗಳನ್ನು ಟಾರ್ಚ್‌ನಿಂದ ತೆಗೆದು ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ಓಪನರ್‌ಗೆ ದಾರ ಕಟ್ಟಿ ಡಬ್ಬಿಗಳ ಜೊತೆಗೇ ನೇತುಹಾಕಿದ್ದೇನೆ.

ನೀರಿನಲ್ಲೂ ಎಡವಿದೆ. 20 ಲೀಟರಿನ ಕ್ಯಾನು ತಂದಿಟ್ಟಿದ್ದೆ. ನಾನಿಲ್ಲದಾಗ ಹೆಂಡತಿ ಬಗ್ಗಿಸಲು ಹೋಗಿ ಕಾಲು ಭಾಗ ನೆಲದ ಪಾಲಾಯಿತು. ಈಗ ಎಲ್ಲ 5 ಲೀಟರಿನವು. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ಹಿಡಿದರೆ ನಾಲ್ಕು ಜನಕ್ಕೆ ಮೂರು ದಿನಕ್ಕೆ 48. ನಾನು 60 ಇಡುತ್ತೇನೆ.

ಲೆಕ್ಕ ಸರಿಯಾಯ್ತು ಅಂತ ಬೀಗುತ್ತಿದ್ದೆ. ಎರಡನೇ ತಾಲೀಮು ನಿಂತಿದ್ದು ಎಲ್ಲಿ ಗೊತ್ತಾ? ಪಾಯಿಖಾನೆಯಲ್ಲಿ. ಒಂದು ಸಲ ಫ್ಲಶ್ ಒತ್ತಿದರೆ 6 ಲೀಟರ್ ಹೋಗುತ್ತದೆ, ಹಳೆಯದಾದರೆ ಇನ್ನೂ ಜಾಸ್ತಿ. ಕುಡಿಯುವ ನೀರನ್ನು ಅಲ್ಲಿ ಸುರಿಯೋಕಾಗುತ್ತಾ? ಅದರ ಬದಲು ಮುಚ್ಚಳದ ಬಕೆಟ್ಟು, ಒಂದರೊಳಗೊಂದು ಎರಡು ದಪ್ಪ ಚೀಲ, ಮೇಲೆ ಉದುರಿಸಲು ಮರದ ಹೊಟ್ಟು. ಮೊದಲು ಬೂದಿ ಹಾಕಿ ನೋಡಿದೆ, ಮೂಗಿಗೆ ಹಾರಿತು. ಹರಿದ ಪೇಪರ್ ಹಾಕಿದೆ, ನಾಲ್ಕನೇ ಸಲಕ್ಕೆ ಕೈಕೊಟ್ಟಿತು. ಮರದ ಹೊಟ್ಟೇ ಸರಿ. ಮೂತ್ರಕ್ಕೆ ಬೇರೆ ಬಕೆಟ್ಟು ಇಡಿ, ಅರ್ಧ ವಾಸನೆ ಅಲ್ಲೇ ಹೋಗುತ್ತದೆ. ಉಳಿದರ್ಧ ಹೋಗಲು ಹೊಟ್ಟಿಗೆ ನಾನು ಇನ್ನೊಂದನ್ನು ಬೆರೆಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪವರ್ ಬ್ಯಾಂಕಿನ ಮೇಲೆ ಬರೆದ ಸಂಖ್ಯೆಯನ್ನು ಸುಮ್ನೆ ನಂಬಿ ಕೂರಬೇಡಿ. 20,000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಅನ್ನೋದು ಒಳಗಿನ ಸೆಲ್‌ನ 3.7 ವೋಲ್ಟಿನ ಲೆಕ್ಕ. ಹೊರಗೆ 5 ವೋಲ್ಟಿಗೆ ಏರಿಸಿ ಕೊಡುವಾಗ ಕಡಿಮೆಯಾಗುತ್ತದೆ. ಮೀಟರ್ ಹಾಕಿ ಅಳೆದೆ, ನನಗೆ ಸಿಕ್ಕಿದ್ದು 12,000 ಚಿಲ್ಲರೆ. ಮಡಚುವ ಸೋಲಾರ್ ಹಾಳೆಯದು ಇನ್ನೂ ಬೇಜಾರು. 21 ವಾಟ್ ಅಂತ ಬರೆದಿತ್ತು. ನಡುಮಧ್ಯಾಹ್ನದ ಬಿಸಿಲಲ್ಲಿ 12-13, ಮೋಡ ಬಂದರೆ 2. ಬಿರುಗಾಳಿಯ ದಿನ ಮೋಡವೇ ತಾನೇ ಇರೋದು!

ಈ ಮಧ್ಯೆ ಬಿಸಿಲಲ್ಲಿ ನೀರು ಶುದ್ಧ ಮಾಡುವ ಹುಚ್ಚೂ ಹಿಡಿದಿತ್ತು. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತಿಳಿ ನೀರು ತುಂಬಿ 6 ಗಂಟೆ ಒಳ್ಳೆ ಬಿಸಿಲಿಗೆ ಇಡಬೇಕು, ಮೋಡವಿದ್ದರೆ ಎರಡು ದಿನ. ಕದಡಿದ ನೀರಿಗೆ ನಡೆಯಲ್ಲ. ನಾನು ಕುಡಿದೆ, ಏನೂ ಆಗಲಿಲ್ಲ. ಮನೆಯಲ್ಲಿ ಬೇರೆ ಯಾರೂ ಮುಟ್ಟಲಿಲ್ಲ. ಒಲೆ ಇರುವವರೆಗೆ ಕೊತಕೊತ ಒಂದು ನಿಮಿಷ ಕುದಿಸುವುದೇ ಸುಲಭ.

ಮೂರನೇ ತಾಲೀಮಿನ ಹೊತ್ತಿಗೆ ಗೆಳೆಯನೊಬ್ಬ ಜನರೇಟರ್ ಕೊಡುತ್ತೇನೆ, ಬಾಲ್ಕನಿಯಲ್ಲಿ ಇಟ್ಟುಕೋ ಅಂದ. ಕೈ ಮುಗಿದೆ. 2021ರ ಫೆಬ್ರವರಿ ಚಳಿಯಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಕರೆಂಟ್ ಹೋದಾಗ, ಬೆಚ್ಚಗಿರಲು ಮನೆಯೊಳಗೆ ಜನರೇಟರ್, ಇದ್ದಿಲು ಒಲೆ, ಗ್ಯಾರೇಜಿನಲ್ಲಿ ಕಾರು ಹಚ್ಚಿಟ್ಟು ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ಸತ್ತವರಿದ್ದಾರೆ. ಆ ಗಾಳಿಗೆ ವಾಸನೆಯೇ ಇಲ್ಲ. ಜನರೇಟರ್ ಇದ್ದರೆ ಕಿಟಕಿ, ಬಾಗಿಲಿನಿಂದ ಕನಿಷ್ಠ 6 ಮೀಟರ್ ಆಚೆ.

ಹಾಗೇ 1995ರ ಜಪಾನಿನ ಕೋಬೆ ಭೂಕಂಪ. ಆಗಿದ್ದು ಬೆಳಿಗ್ಗೆ 5:46ಕ್ಕೆ, ಬಹಳಷ್ಟು ಜನ ಹಾಸಿಗೆಯಲ್ಲಿದ್ದರು. ಅದನ್ನು ಓದಿದ ಮೇಲೆ ಮಂಚದ ಕಾಲಿಗೆ ಚೀಲ ಕಟ್ಟಿ ಅದರಲ್ಲಿ ಶೂ, ಟಾರ್ಚ್ ಇಟ್ಟೆ. ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ಎಲ್ಲಿಗೆ ಹೋಗ್ತೀರಿ? ಕೋಬೆಯಲ್ಲಿ ಅವಶೇಷದಡಿಯಿಂದ ಹೊರಬಂದವರಲ್ಲಿ ಬಹುಪಾಲು ಜನರನ್ನು ಎಳೆದವರು ಮನೆಯವರು, ನೆರೆಯವರು. ಹಾಗಾಗಿ ಪಕ್ಕದ ಮನೆಯಲ್ಲಿ ನಮ್ಮದೊಂದು ಕೀಲಿ ಕೊಟ್ಟಿದ್ದೇನೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ನಾಲ್ಕನೇ ತಾಲೀಮಿನಲ್ಲಿ ಮೂರು ದಿನ ದಾಟಿದೆವು. ಆರು ತಿಂಗಳಿಗೆ ನಿಜವಾದ ಬಿರುಗಾಳಿ ಬಂತು. ಯಾರೂ ಗಾಬರಿಯಾಗಲಿಲ್ಲ. ಮಗಳು ಫ್ರಿಜ್ ಬಾಗಿಲಿಗೆ "ತೆರೆದರೆ ದಂಡ" ಅಂತ ಚೀಟಿ ಅಂಟಿಸಿದಳು. ತೆರೆಯದಿದ್ದರೆ ಒಳಗಿನದು ಸುಮಾರು 4 ಗಂಟೆ ತಡೆಯುತ್ತದೆ, ಅಷ್ಟರಲ್ಲಿ ಕೆಡುವುದನ್ನೆಲ್ಲ ಒಂದೇ ಸಲ ತೆಗೆದು ಅಡುಗೆ ಮಾಡಿ ಮುಗಿಸಿದೆವು. ಕರೆ ಹೋಗುತ್ತಿರಲಿಲ್ಲ, ಮೆಸೇಜ್ ಹೋಗುತ್ತಿತ್ತು. ಹೆಡ್ ಟಾರ್ಚನ್ನು ನೀರಿನ ಬಾಟಲಿಗೆ ಒಳಮುಖವಾಗಿ ಕಟ್ಟಿದರೆ ಇಡೀ ಕೋಣೆಗೆ ಬೆಳಕು. ಕೊನೆಗೆ ಉಳಿದ ನೀರು ಹತ್ತಿರ ಹತ್ತಿರ 9 ಲೀಟರ್.

ಎರಡನೇ ದಿನ ಸಂಜೆ ಭಾವ ಬಂದರು, ಕೈಯಲ್ಲಿ ಸತ್ತ ಫೋನು. ಚಾರ್ಜ್ ಆಗುವವರೆಗೆ ಕೂತು, "ಆ ಸಾಮಾನಿನ ಪಟ್ಟಿ ಬರೆದುಕೊಡು" ಅಂದರು.

"ಪಟ್ಟಿ ಆಮೇಲೆ ಕೊಡ್ತೀನಿ ಭಾವ. ಕರೆಂಟ್ ಬಂದ ಮೇಲೆ ಒಂದು ದಿನ ನೀವೇ ಮೇನ್ ಸ್ವಿಚ್ ಆರಿಸಿ ನೋಡಿ."

ಹೋದ ತಿಂಗಳು ಆರಿಸಿದರಂತೆ. ಆರು ಗಂಟೆ ಕಳೆದ ಮೇಲೆ ಅಕ್ಕ ವಾಪಸ್ ಹಾಕಿದಳಂತೆ. ನಮ್ಮ ಮೊದಲ ಸಲಕ್ಕಿಂತ ಒಂದು ಗಂಟೆ ಜಾಸ್ತಿ.