ಹೇಜಿ ಐಪಿಎ ಮಾಡೋರಿಗೆ: ಮಬ್ಬು ಇರ್ಲಿ, ಬಗ್ಗಡ ಬೇಡ

ಹೋದ ವರ್ಷ ಅಡಿಕೆ ಕೊಯ್ಲಿನ ಟೈಮಲ್ಲಿ ಸ್ಯಾನ್ ಡಿಯಾಗೋದಿಂದ ಭಾವ ಊರಿಗೆ ಬಂದಿದ್ದ. ತೀರ್ಥಹಳ್ಳಿ ಹತ್ರ ನಮ್ಮನೆ, ಅಂಗಳದಲ್ಲಿ ಅಡಿಕೆ ಬೇಯಿಸೋ ಹಂಡೆ ಕುದೀತಾ ಇತ್ತು, ನಾವಿಬ್ರೂ ಜಗಲಿ ಕಟ್ಟೆ ಮೇಲೆ ಮಜ್ಜಿಗೆ ಲೋಟ ಹಿಡ್ಕೊಂಡು ಹೇಜಿ ಐಪಿಎ (ಇಂಡಿಯಾ ಪೇಲ್ ಏಲ್ ಅನ್ನೋ ಬಿಯರಿನ ಮಬ್ಬು ಥರ) ಅನ್ನೋದು ಬಿಯರ್ರೋ ಇಲ್ಲ ಅಕ್ಕಚ್ಚೋ ಅಂತ ಎರಡು ತಾಸು ಕಿತ್ತಾಡಿದ್ವಿ. ಅವ ತಿಳಿ ಪಾರ್ಟಿ, ವೆಸ್ಟ್ ಕೋಸ್ಟ್‌ನವ, ಗ್ಲಾಸಿನ ಆಚೆ ಇಟ್ಟ ಪೇಪರ್ ಓದಕ್ಕಾಗ್ಬೇಕು ಅನ್ನೋ ಗಿರಾಕಿ. ನಾನು ಬಾಸ್ಟನ್ ಕಡೆ ಆರು ವರ್ಷ ಇದ್ದು ಗ್ಯಾರೇಜಲ್ಲಿ ಬಿಯರ್ ಮಾಡಿ ಕಲ್ತವ, ಮಬ್ಬು ಪಾರ್ಟಿ. "ನಿಮ್ದು ಸೋಮಾರಿತನ ಮಾರಾಯ, ತಿಳಿಯಾಗೋ ತನಕ ಕಾಯಕ್ಕಾಗದೆ ಅದಕ್ಕೊಂದು ಹೆಸರು ಇಟ್ಕೊಂಡಿದೀರಿ" ಅಂದ. ಮೈ ಉರೀತು. ಆದ್ರೆ ರಾತ್ರಿ ಮಲ್ಕೊಂಡು ಯೋಚ್ನೆ ಮಾಡಿದ್ರೆ ಅವ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ ಅನ್ನಿಸ್ತು, ಹೇಜಿ ಅಂತ ಕೊಡೋದ್ರಲ್ಲಿ ಎಷ್ಟೋ ಮಬ್ಬಲ್ಲ, ಬರೀ ಬಗ್ಗಡ. ಅದಕ್ಕೇ ಇದನ್ನ ಬರೀತಾ ಇರೋದು.

ಮೊದ್ಲೇ ಒಂದು ಮಾತು. ಇಲ್ಲಿ ಊರಲ್ಲಿ ಕೂತು ಇದನ್ನ ಮಾಡಕ್ಕೆ ಹೋಗ್ಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಮದ್ಯ ತಯಾರು ಮಾಡೋದು ಅಪರಾಧ, ಬರೀ ಬಿಯರ್ ಅಲ್ವಾ ಅಂದ್ರೂ ಅಷ್ಟೇ, ಮನೆ ಖರ್ಚಿಗೆ ಅಂದ್ರೂ ಅಷ್ಟೇ. ನಾನೂ ವಾಪಸ್ ಬಂದ್ಮೇಲೆ ಬಿಟ್ಟಿದೀನಿ, ನನ್ನ ಇಪ್ಪತ್ತೈದು ಲೀಟರ್ ಕೆಟಲ್ ಅಮ್ಮನ ಪಾಲಾಗಿ ಅದರಲ್ಲೀಗ ಜೋನಿ ಬೆಲ್ಲ ಇದೆ. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿಂದ ಮನೆ ಬಿಯರಿಗೆ ದಾರಿ ಆಯ್ತು, ಒಬ್ಬರಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ರು ದೊಡ್ಡೋರಿರೋ ಮನೆಗೆ 200, ಮಾರೋ ಹಾಗಿಲ್ಲ. ಹೊಸನಗರ, ಸಾಗರ, ಕೊಪ್ಪದ ಕಡೆಯಿಂದ ಹೋಗಿ ಅಂಥ ಕಡೆ ಸೆಟ್ಲ್ ಆಗಿರೋ ಹುಡುಗ್ರಿಗೆ ಇದು. ಊರಲ್ಲೇ ಇರೋರು ಬೆಂಗ್ಳೂರಿನ ಬ್ರೂಪಬ್ಬಲ್ಲಿ ಹೇಜಿ ಆರ್ಡರ್ ಮಾಡ್ದಾಗ ಅವ್ರು ಕೊಟ್ಟಿದ್ದು ಸರಿ ಇದ್ಯಾ ಅಂತ ನೋಡಕ್ಕೆ ಓದ್ಕೊಳಿ.

ಇದರ ಮೂಲ ಅಮೆರಿಕದ ವರ್ಮಾಂಟ್ ರಾಜ್ಯ. ವಾಟರ್‌ಬರಿ ಅನ್ನೋ ಊರಲ್ಲಿ ಜಾನ್ ಕಿಮ್ಮಿಚ್ ಅನ್ನೋರು ದಿ ಆಲ್ಕೆಮಿಸ್ಟ್ ಅಂತ ಪಬ್ ನಡೆಸ್ತಿದ್ರು, ಅಲ್ಲಿ ಹುಟ್ಟಿದ್ದು ಹೆಡಿ ಟಾಪರ್ ಅನ್ನೋ ಬಿಯರ್. 2011ರಲ್ಲಿ ಐರೀನ್ ಚಂಡಮಾರುತದ ನೆರೆ ಬಂದು ಪಬ್ಬೇ ಹೋಯ್ತು, ಆದ್ರೆ ಕ್ಯಾನಿಗೆ ತುಂಬೋ ಘಟಕ ಬೇರೆ ಜಾಗದಲ್ಲಿದ್ದಿದ್ರಿಂದ ಬಿಯರ್ ಉಳೀತು. ಆ ಕ್ಯಾನ್ ಮೇಲೆ ಏನು ಬರ್ದಿದೆ ಗೊತ್ತಾ, ಕ್ಯಾನಿಂದಲೇ ಕುಡೀರಿ ಅಂತ. ಅಂದ್ರೆ ಮಬ್ಬು ಬಿಯರಿನ ಮೂಲಪುರುಷನೇ ಗ್ಲಾಸಿಗೆ ಹಾಕಿ ನೋಡ್ಬೇಡಿ ಅಂದಿದಾನೆ! ಆಮೇಲೆ ಬಂದೋರು ನೋಡಕ್ಕೇ ಅಂತ ಮಾಡಕ್ಕೆ ಶುರು ಮಾಡಿದ್ರು, ಮೈದಾ ಹಿಟ್ಟು ಹಾಕಿ ಬೆಳ್ಳಗೆ ಮಾಡೋರೂ ಇದಾರೆ, ಜಗಳ ಹತ್ಕೊಂಡಿದ್ದು ಅಲ್ಲಿಂದ. 2018ರಲ್ಲಿ ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಬಿಯರ್ ಶೈಲಿಗಳ ಪಟ್ಟಿಯಲ್ಲಿ ಜ್ಯೂಸಿ ಆರ್ ಹೇಜಿ ಅಂತ ಬೇರೆ ವಿಭಾಗವನ್ನೇ ಮಾಡ್ತು, ಭಾವನಂಥೋರಿಗೆ ಇನ್ನೂ ಅದನ್ನ ನುಂಗಕ್ಕಾಗಿಲ್ಲ.

ಈಗ ಮಬ್ಬು ಬರೋದು ಹೆಂಗೆ ಅಂತ. ನಮ್ಮೋರಿಗೆ ಇದನ್ನ ಹೇಳೋದು ಸುಲಭ. ಹಸಿ ಅಡಿಕೆ ಜಗಿದ್ರೆ ಬಾಯಿ ಹಿಡ್ಕೊಳತ್ತಲ್ಲ, ಅಡಿಕೆಯ ಒಗರು, ಪಾಲಿಫಿನಾಲ್ ಅಂತಾರೆ, ಅದು ಎಂಜಲಿನ ಪ್ರೋಟೀನಿಗೆ ಹೋಗಿ ಅಂಟ್ಕೊಳ್ಳೋದ್ರಿಂದ ಹಂಗಾಗೋದು. ಅಡಿಕೆ ಬೇಯಿಸಿ ಹಂಡೆಯಲ್ಲಿ ಉಳಿಯೋ ಕಂದು ನೀರಿಗೆ ಚೊಗರು ಅಂತಾರಲ್ಲ, ಅದ್ರಲ್ಲಿ ತುಂಬಿರೋದೂ ಅದೇ ಜಾತಿಯ ಸರಕು. ಬಿಯರಿಗೆ ಕಹಿ, ವಾಸನೆ ಕೊಡೋ ಹಾಪ್ಸ್ ಹೂವಲ್ಲೂ ಪಾಲಿಫಿನಾಲ್ ಇದೆ, ಓಟ್ಸು ಗೋಧಿಯಲ್ಲಿ ಪ್ರೋಟೀನ್ ಇದೆ, ಎರಡೂ ಬಿಯರಲ್ಲಿ ಕೈ ಕೈ ಹಿಡ್ಕೊಂಡು ಸಣ್ಣ ಸಣ್ಣ ಕಣ ಆಗಿ ತೇಲ್ತವೆ. ಆ ಕಣ ಎಷ್ಟು ಸಣ್ಣದು ಅಂದ್ರೆ ಕೆಳಗೆ ಕೂರಲ್ಲ, ಬೆಳಕನ್ನ ಚದುರಿಸ್ತವೆ, ಕಿತ್ತಳೆ ರಸದ ಥರ ಕಾಣತ್ತೆ. ಇದು ಮಬ್ಬು. ಯೀಸ್ಟ್ ಕೂರದೇ ಇರೋದು, ಹಾಪ್ಸ್ ಪುಡಿ ತೇಲೋದು, ಹಿಟ್ಟು ಹಾಕಿದ್ದು, ಇದೆಲ್ಲ ಬಗ್ಗಡ. ಪರೀಕ್ಷೆ ಸಿಂಪಲ್, ಒಂದು ಬಾಟಲಿ ಫ್ರಿಜ್ಜಲ್ಲಿ ಅಲ್ಲಾಡಿಸದೆ ಎರಡು ವಾರ ಇಡಿ, ಅಡಿಯಲ್ಲಿ ಬೆರಳಷ್ಟು ಗಸಿ ಕೂತು ಮೇಲೆ ತಿಳಿಯಾದ್ರೆ ನಿಮ್ದು ಬಗ್ಗಡ, ಭಾವ ಗೆದ್ದ.

20 ಲೀಟರ್ ಲೆಕ್ಕ ಹೇಳ್ತೀನಿ. ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 4.2 ಕೆಜಿ, ಫ್ಲೇಕ್ಡ್, ಅಂದ್ರೆ ಅವಲಕ್ಕಿ ಥರ ಚಪ್ಪಟೆ ಮಾಡಿದ ಓಟ್ಸ್ 1 ಕೆಜಿ, ಫ್ಲೇಕ್ಡ್ ಗೋಧಿ 800 ಗ್ರಾಂ. ಓಟ್ಸ್ ಇದಕ್ಕಿಂತ ಜಾಸ್ತಿ ಸುರೀಬೇಡಿ, ಗಂಜಿ ಆಗತ್ತೆ, ಗಂಜಿ ತಿಳಿ ಥರ ನಾಲಿಗೆ ಮೇಲೆ ನುಣ್ಣಗೆ ಜಾರಿದ್ರೆ ಸಾಕು. ಇಷ್ಟು ಓಟ್ಸು ಗೋಧಿ ಬಿದ್ರೆ ಸೋಸೋವಾಗ ಮುದ್ದೆ ಕಟ್ಟಿ ನಿಂತೋಗತ್ತೆ, ಅದಕ್ಕೆ ಕಾಲು ಕೆಜಿ ಭತ್ತದ ಹೊಟ್ಟು ಸೇರ್ಸಿ, ಅದು ನಡುನಡುವೆ ಜಾಗ ಬಿಡಿಸಿ ನೀರು ಇಳಿಯೋ ಹಂಗೆ ಮಾಡತ್ತೆ, ರುಚಿಗೆ ಏನೂ ಆಗಲ್ಲ. ನಮ್ಮ ಊರ ಮಿಲ್ಲಿನ ಹಿಂದೆ ರಾಶಿ ಬಿದ್ದಿರೋ ಹೊಟ್ಟನ್ನ ಅಲ್ಲಿ ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರ್ತಾರೆ, ಮೊದಲನೇ ಸಲ ಡಾಲರ್ ಎಣಿಸ್ಕೊಟ್ಟಾಗ ಅಜ್ಜ ಸ್ವರ್ಗದಲ್ಲಿ ನಕ್ಕಿರ್ತಾರೆ ಅನ್ನಿಸ್ತು. 18 ಲೀಟರ್ ನೀರಲ್ಲಿ 67 ಡಿಗ್ರಿ ಹಿಡಿದು ಒಂದು ಗಂಟೆ ಇಡಿ, ಇದಕ್ಕೇ ಮ್ಯಾಶ್ ಅನ್ನೋದು. 67 ಯಾಕೆ ಅಂದ್ರೆ ಅದಕ್ಕಿಂತ ಕೆಳಗೆ ಹೋದಷ್ಟೂ ಸಕ್ಕರೆಯೆಲ್ಲ ಯೀಸ್ಟ್ ತಿಂದು ಬಿಯರ್ ತೆಳ್ಳಗಾಗತ್ತೆ. ಕುದಿಸಿ ಮುಗಿದ್ಮೇಲೆ ಗ್ರ್ಯಾವಿಟಿ, ಅಂದ್ರೆ ನೀರಿಗೆ ಹೋಲಿಸಿದ ಸಾಂದ್ರತೆ, 1.062 ಹತ್ರ ಬರ್ಬೇಕು, ಹುದುಗಿ ಮುಗಿದಾಗ 1.014, ಅಲ್ಲಿಗೆ ಆಲ್ಕೋಹಾಲ್ 6.3 ಪರ್ಸೆಂಟ್.

ನೀರಿನ ವಿಷ್ಯ ಯಾರೂ ತಲೆ ಕೆಡಿಸ್ಕೊಳಲ್ಲ, ಆದ್ರೆ ತಿಳಿಗೂ ಮಬ್ಬಿಗೂ ಅಸಲಿ ವ್ಯತ್ಯಾಸ ಇರೋದು ಇಲ್ಲೇ. ಗಂಗಾ ಸ್ನಾನ ತುಂಗಾ ಪಾನ ಅಂತ ಸುಮ್ನೆ ಹೇಳಿಲ್ಲ, ಕುಡಿಯೋ ನೀರಿಗೂ ರುಚಿ ಇದೆ. ಇಂಗ್ಲೆಂಡಿನ ಬರ್ಟನ್ ಊರಿನ ನೀರಲ್ಲಿ ಜಿಪ್ಸಂ, ಅಂದ್ರೆ ಕ್ಯಾಲ್ಸಿಯಂ ಸಲ್ಫೇಟ್, ಜಾಸ್ತಿ, ಹಳೇ ಐಪಿಎ ಕಹಿ ಅಷ್ಟು ಚುರುಕಾಗಿ ನಾಲಿಗೆಗೆ ಹೊಡೀತಿದ್ದಿದ್ದಕ್ಕೆ ಅದೂ ಕಾರಣ, ಅಂದ್ರೆ ಸಲ್ಫೇಟ್ ಕಹಿಯನ್ನ ಎತ್ತಿ ತೋರಿಸತ್ತೆ, ಕ್ಲೋರೈಡ್ ದುಂಡಗೆ ಮಾಡತ್ತೆ. ಹೇಜಿಗೆ ಕ್ಲೋರೈಡ್ ಸಲ್ಫೇಟಿನ ಎರಡರಷ್ಟಿರ್ಲಿ. ಆರ್‌ಓ ನೀರು ಒಟ್ಟು 30 ಲೀಟರ್ (ಮ್ಯಾಶಿಗೆ 18, ಉಳಿದಿದ್ದು ಸೋಸೋವಾಗ ಮೇಲೆ ಸುರಿಯಕ್ಕೆ) ತಗೊಂಡ್ರೆ ಕ್ಯಾಲ್ಸಿಯಂ ಕ್ಲೋರೈಡ್ 9 ಗ್ರಾಂ, ಜಿಪ್ಸಂ 4 ಗ್ರಾಂ, ಆಗ ಕ್ಲೋರೈಡ್ ಸುಮಾರು 145 ಪಿಪಿಎಂ, ಸಲ್ಫೇಟ್ 75 ಆಸುಪಾಸು. ತಿಳಿ ಪಾರ್ಟಿಯೋರು ಇದನ್ನೇ ಉಲ್ಟಾ ಮಾಡ್ಲಿ. ಮ್ಯಾಶ್ ಪಿಎಚ್ 5.2ರಿಂದ 5.4 ಒಳಗಿರ್ಬೇಕು, ಮೀಟರ್ ಇಲ್ದೇ ಇದ್ರೆ ತಗೊಳಿ, ಊಹೆ ಮೇಲೆ ನಡೆಸ್ಬೇಡಿ.

ಕುದಿಸೋದು ಒಂದು ಗಂಟೆ. ಇಲ್ಲಿ ಹಾಪ್ಸ್ ಹೆಚ್ಚೇನೂ ಬೇಡ, ಶುರುವಲ್ಲೇ ಒಂದು 10 ಗ್ರಾಂ ಹಾಕಿ ಬಿಟ್ಬಿಡಿ, ಜಾಸ್ತಿ ಕುದಿಸಿದ್ರೆ ಕಹಿ ಬಿಡ್ತಾ ಹೋಗತ್ತೆ, ವಾಸನೆ ಎಣ್ಣೆ ಹಬೆ ಜೊತೆ ಹಾರೋಗತ್ತೆ. ಉರಿ ಆರಿಸಿ 80 ಡಿಗ್ರಿಗೆ ಇಳಿದ್ಮೇಲೆ ಸಿಟ್ರಾ, ಮೊಸಾಯಿಕ್ ಅನ್ನೋ ಜಾತಿಯ ಹಾಪ್ಸ್ ತಲಾ 50 ಗ್ರಾಂ ಹಾಕಿ ತಿರುಗಿಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಮಾವಿನ ವಾಸನೆ ಬರತ್ತೆ ಅಂತ ಜನ ಹೇಳಿದ್ರೆ ಉತ್ಪ್ರೇಕ್ಷೆ ಅಲ್ಲ, ಹಾಪ್ಸ್‌ನ ಎಣ್ಣೆಯಲ್ಲಿರೋ ಮಿರ್ಸೀನ್ ಮಾವಲ್ಲೂ ಇದೆ, ನಂಗಂತೂ ಮೊಸಾಯಿಕ್ ಪ್ಯಾಕೆಟ್ ಹರಿದಾಗೆಲ್ಲ ರಿಪ್ಪನ್‌ಪೇಟೆ ಕಡೆಯ ಅಪ್ಪೆಮಿಡಿ ತೊಟ್ಟು ಮುರಿದಾಗಿನ ಸೊನೆ ನೆನಪಾಗ್ತಿತ್ತು. ಅಂದ ಹಾಗೆ ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಜೊತೆ ಹಾಪ್ಸ್ ಹಬ್ಬಿಸ್ಬೋದಾ ಅಂತ ಕೇಳ್ತಾರೆ, ಆಗಲ್ಲ, ಅದಕ್ಕೆ ಚಳಿಗಾಲದ ನಿದ್ದೆ ಬೇಕು, ಬೇಸಿಗೆಯಲ್ಲಿ ಉದ್ದ ಹಗಲು ಬೇಕು, ನಮ್ಮ ದೇಶದಲ್ಲಿ ಅದು ಬೆಳೆಯೋದು ಹಿಮಾಚಲದ ಲಾಹೌಲ್ ಕಡೆ.

ತಣ್ಣಗೆ ಮಾಡಿ ಯೀಸ್ಟ್ ಹಾಕಿ, ಲಂಡನ್ ಏಲ್ 3 ಒಳ್ಳೇದು, ಒಣ ಯೀಸ್ಟೇ ಬೇಕು ಅಂದ್ರೆ ವರ್ಡಂಟ್. 19 ಡಿಗ್ರಿ. ಇಲ್ಲಿ ತನಕ ಎಲ್ರೂ ಸರಿಯಾಗೇ ಮಾಡ್ತಾರೆ, ಹಾಳಾಗೋದು ಇಲ್ಲಿಂದ ಮುಂದೆ.

ಡ್ರೈ ಹಾಪ್ ಅಂದ್ರೆ ಹುದುಗಿದ ಬಿಯರಿಗೆ ಹಾಪ್ಸನ್ನ ಕುದಿಸದೆ ಹಾಗೇ ಹಾಕೋದು, ನಂದು ಲೀಟರಿಗೆ 10 ಗ್ರಾಂ, ಒಟ್ಟು 200. ಕೆಲವ್ರು ಲೀಟರಿಗೆ 20 ಹಾಕಿ ಮೀಸೆ ತಿರುವ್ತಾರೆ, ಅದನ್ನ ಕುಡಿದ್ರೆ ಹುಳಿ ಕಮ್ಮಿ ಹಾಕಿದ ಪತ್ರೊಡೆ ತಿಂದಂಗೆ ಗಂಟಲು ಕೆರೀತದೆ, ತೇಲ್ತಿರೋ ಹಾಪ್ಸ್ ಪುಡಿ ಕೆಲಸ ಅದು, ಹಾಪ್ ಬರ್ನ್ ಅಂತ ಕರೀತಾರೆ, ತಿಳಿ ಪಾರ್ಟಿ ಬೈಯೋದ್ರಲ್ಲಿ ಇದೂ ಒಂದು. ಹಂಗಾಗಿ ಹುದುಗು ಮುಗಿದ್ಮೇಲೆ ಮೊದ್ಲು ಬಿಯರನ್ನ 14 ಡಿಗ್ರಿಗೆ ಇಳ್ಸಿ ಎರಡು ದಿನ ಬಿಟ್ರೆ ಯೀಸ್ಟ್ ಬಹಳಷ್ಟು ಕೂರತ್ತೆ, ಆಮೇಲೆ ಹಾಪ್ಸ್ ಹಾಕಿ ಮೂರೇ ದಿನ. ವಾರಗಟ್ಟಲೆ ನೆನೆಸಿದ್ರೆ ವಾಸನೆ ಜಾಸ್ತಿ ಆಗಲ್ಲ, ಒಗರು, ಹುಲ್ಲು ವಾಸನೆ ಜಾಸ್ತಿ ಆಗತ್ತೆ. ಇನ್ನೊಂದು, ಹಾಪ್ಸ್‌ನಲ್ಲೇ ಒಂದಿಷ್ಟು ಎಂಜೈಮ್ ಇರ್ತವೆ, ಯೀಸ್ಟ್ ತಿನ್ನಕ್ಕಾಗದೆ ಬಿಟ್ಟ ಪಿಷ್ಟದ ತುಣುಕುಗಳನ್ನ ಮತ್ತೆ ಸಕ್ಕರೆ ಮಾಡಿ ಕೊಡ್ತವೆ, ಹುದುಗು ವಾಪಸ್ ಶುರುವಾಗತ್ತೆ, ಬೆಣ್ಣೆ ವಾಸನೆ ಬರ್ಬೋದು, ಅವಸರಕ್ಕೆ ಬಾಟಲಿಗೆ ತುಂಬಿದ್ರೆ ಬಾಟಲಿ ಸಿಡಿಯೋದೂ ಉಂಟು. ಮೂರು ದಿನ ಆದ್ಮೇಲೆ ಗ್ರ್ಯಾವಿಟಿ ಇಳೀತಿದ್ರೆ ಅದು ನಿಲ್ಲೋ ತನಕ ಸ್ವಲ್ಪ ಬಿಸಿಗೆ ತಂದು ಕಾಯಿರಿ.

ಇನ್ನು ಗಾಳಿ. ಬಾಳೆಕಾಯಿ ಹೆಚ್ಚಿ ನೀರಿಗೆ ಹಾಕದೆ ಇಟ್ರೆ ಎಂತ ಆಗತ್ತೆ? ಹೇಜಿಗೂ ಅದೇ ಗತಿ, ಅಷ್ಟೊಂದು ಹಾಪ್ಸು ಪಾಲಿಫಿನಾಲು ಇರೋದ್ರಿಂದ ಒಂಚೂರು ಆಕ್ಸಿಜನ್ ಸಿಕ್ರೂ ಕಪ್ಪಾಗತ್ತೆ. ನಾಲ್ಕನೇ ಬ್ಯಾಚಲ್ಲಿ ನಂಗೆ ಇದು ತಗಲ್ತು. ಮನೆಗೆ ನೆಂಟರು ಬಂದಿದ್ರು, ಡ್ರೈ ಹಾಪ್ ಬಿದ್ದ ಮಾರನೇ ದಿನ, ವಾಸನೆ ನೋಡಿ ಹೆಂಗಿದೆ ಅಂತ ಮುಚ್ಚಳ ತೆಗೆದು ಒಬ್ಬೊಬ್ಬರಿಗೇ ಮೂಸಕ್ಕೆ ಕೊಟ್ಟೆ, ಎಲ್ರೂ ಆಹಾ ಅಂದ್ರು, ಆಮೇಲೆ ಪೈಪಲ್ಲಿ ಗುಳುಗುಳು ಅಂತ ಬಕೆಟ್ಟಿಗೆ ಬಿಟ್ಟು ಬಾಟಲಿಗೆ ತುಂಬ್ದೆ. ಹನ್ನೊಂದನೇ ದಿನ ಬಗ್ಗಿಸಿದ್ರೆ ಕಿತ್ತಳೆ ಬಣ್ಣ ಹೋಗಿ ಸಾಕ್ಷಾತ್ ಚೊಗರು, ವಾಸನೆ ನೆಂದ ರಟ್ಟಿನ ಡಬ್ಬಿ. 20 ಲೀಟರ್ ಚರಂಡಿಗೆ. ಅದೇ ತಪ್ಪು ತಿಳಿ ಬಿಯರಲ್ಲಿ ಮಾಡಿದ್ರೆ ಇನ್ನೂ ಒಂದು ತಿಂಗಳು ಹೆಂಗೋ ಕುಡೀಬೋದಿತ್ತು, ಭಾವ ಇದನ್ನ ಬಿಡದೆ ಎತ್ತಿ ಆಡ್ತಾನೆ, ಆಡ್ಲಿ. ಅವತ್ತಿಂದ ಮುಚ್ಚಳ ತೆಗೆಯೋದೇ ಇಲ್ಲ, ಹಾಪ್ಸ್ ಹಾಕೋ ಆ ಅರ್ಧ ನಿಮಿಷ ಕಾರ್ಬನ್ ಡೈಆಕ್ಸೈಡ್ ಬಿಡ್ತಾ ಹಾಕ್ಬೇಕು, ಕೆಗ್ಗನ್ನ (ಬಿಯರ್ ತುಂಬೋ ಸ್ಟೀಲ್ ಪೀಪಾಯಿ) ಮೊದ್ಲೇ ಅದೇ ಗ್ಯಾಸಿಂದ ತುಂಬಿಸಿ ಬಿಯರನ್ನ ಮುಚ್ಚಿದ ಪೈಪಲ್ಲಿ ದಾಟಿಸ್ಬೇಕು. ಬಾಟಲಿ ಮಾತ್ರ ಇದೆ ಅನ್ನೋರು ಹೇಜಿ ಬಿಟ್ಟು ಬೇರೆ ಬಿಯರ್ ಮಾಡಿ, ಕಡ್ಡಿ ಮುರಿದಂಗೆ ಹೇಳ್ಬಿಟ್ಟೆ. ಕೆಗ್ಗಿಗೆ ಹೋದ್ಮೇಲೆ ಒಂದು ವಾರ ತಣ್ಣಗಿಟ್ಟು ತಿಂಗಳೊಳಗೆ ಮುಗ್ಸಿ, ಉಪ್ಪಿನಕಾಯಿ ಥರ ಇಟ್ಟಷ್ಟೂ ರುಚಿ ಅನ್ನೋ ಸರಕಲ್ಲ ಇದು.

ಉಳಿದ ಮಾಲ್ಟ್ ಚರಟವನ್ನ ಹತ್ರ ಫಾರ್ಮ್ ಇದ್ರೆ ದನಕ್ಕೆ ಕೊಡಿ, ಚೆನ್ನಾಗಿ ತಿಂತವೆ. ಆದ್ರೆ ಬಳಸಿದ ಹಾಪ್ಸ್ ನಾಯಿ ಬಾಯಿಗೆ ಸಿಗೋ ಹಂಗೆ ಎಸೀಬೇಡಿ, ನಾಯಿಗೆ ಅದು ವಿಷ, ಜ್ವರ ಏರಿ ಸತ್ತೇ ಹೋಗ್ಬೋದು.

ಇಷ್ಟು ಮಾಡಿಯೂ ನಿಮ್ಮನೇಲಿ ತಿಳಿ ಪಾರ್ಟಿ ಒಪ್ಪಿಲ್ಲ ಅಂದ್ರೆ ಸ್ಟೀಲ್ ಲೋಟ ತೆಗೀರಿ. ಎರಡೂ ಥರದ ಬಿಯರ್ ಒಂದೇ ತಣ್ಣಗೆ, ಒಂದೇ ಅಳತೆ, ಲೋಟದ ಅಡಿಗೆ ಗುರುತು, ಕೋಣೇಲಿ ಲೈಟ್ ಸ್ವಲ್ಪ ಕಮ್ಮಿ, ಸುರಿಯೋನು ಬೇರೆಯವ. ಊರಿಗೆ ವಾಪಸ್ ಬರೋ ಮುಂಚಿನ ವರ್ಷ ಸ್ಯಾನ್ ಡಿಯಾಗೋಗೆ ಹೋದಾಗ ನನ್ನ ಕೆಗ್ಗೂ ಭಾವನ ಕೆಗ್ಗೂ ಇಟ್ಕೊಂಡು ಹಿಂಗೇ ಮಾಡಿದ್ವಿ, ಅಕ್ಕ ಶಿವಮೊಗ್ಗದ ಗಾಂಧಿ ಬಜಾರಿಂದ ಹೊತ್ಕೊಂಡು ಹೋಗಿದ್ದ ಲೋಟಗಳು. ನಾನು ಎರಡೂ ಗುಟುಕರಿಸಿ ಇದು ನಂದು ಅಂತ ಎಡಗಡೆಯದನ್ನ ಎತ್ತಿದೆ, ಭಾವ ಅದನ್ನ ನಿಧಾನಕ್ಕೆ ಗಾಜಿನ ಗ್ಲಾಸಿಗೆ ಬಗ್ಗಿಸ್ದ, ಹೊಳೆ ನೀರಿನ ಥರ ತಿಳಿ. ಅವ ಇನ್ನೊಂದನ್ನ ಎತ್ತಿ ಇದು ನಂದು ಅಂದಿದ್ದ, ಅವನದ್ದೂ ತಪ್ಪೇ. ಬಿಯರ್ ಬಾಯಿಗೇ ಇಡದ ಅಕ್ಕ ಪಾತ್ರೆ ತೊಳೆಯಕ್ಕೆ ತಗೊಂಡು ಹೋಗೋವಾಗ ಎರಡೂ ಲೋಟ ಮೂಸಿ, "ಇದು ಅಪ್ಪೆಮಿಡಿ ಭರಣಿ ವಾಸನೆ, ತಮ್ಮಂದು" ಅಂತ ಸರಿಯಾಗಿ ಹೇಳಿ ನಲ್ಲಿ ಬಿಟ್ಟಳು.